ಡೇರೆ ಸರ್ಕಾರದ ಬೆನ್ನು ಹತ್ತಿ ಏಳು ದಿನ

ಜಪಾನಿಗೆ ಹೋಗಿ ಬಂದವರೆಲ್ಲ ಚೆರ್ರಿ ಹೂವು, ಬುಲೆಟ್ ರೈಲು, ಫ್ಯೂಜಿ ಬೆಟ್ಟದ ಫೋಟೋ ಹಾಕುತ್ತಾರೆ. ನನ್ನ ಫೋನಿನಲ್ಲಿ ಇರೋದೆಲ್ಲ ಸಮಾಧಿಗಳು, ಕಲ್ಲಿನ ಗೋಡೆಗಳು, ಮತ್ತು ಅವುಗಳ ಮುಂದೆ ಮಂಕಿ ಟೋಪಿ ಹಾಕಿಕೊಂಡು ನಿಂತಿರುವ ನಮ್ಮ ಚಿಕ್ಕಪ್ಪ. ತಿಪಟೂರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇತಿಹಾಸ ಪಾಠ ಮಾಡಿದವರು ಅವರು. ದಿನಾ ಆರು ಕಿಲೋಮೀಟರ್ ಸೈಕಲ್ಲಿನಲ್ಲಿ ಹೋಗಿ, ಸೈಕಲ್ಲಿನಲ್ಲೇ ವಾಪಸ್. ರಿಟೈರ್ ಆದಮೇಲೆ ಎಲ್ಲಿಗಾದರೂ ಕರೆದುಕೊಂಡು ಹೋಗ್ತೀನಿ ಅಂದಾಗ ಕಾಶಿ ಅನ್ನುತ್ತಾರೆ ಅಂದುಕೊಂಡಿದ್ದೆ. "ಶೋಗನ್ ಅಂತಾರಲ್ಲ, ಅವರ ಊರು ತೋರಿಸ್ತೀಯೇನೋ?" ಅಂದರು. ಹಿಂದೆ ಜಪಾನ್ ಆಳುತ್ತಿದ್ದ ಸೇನಾಪತಿಗಳು ಈ ಶೋಗನ್‌ಗಳು.

ನವೆಂಬರ್‌ನಲ್ಲಿ ಹೋದೆವು. ನಾನು ಮಾಡಿದ ಪಟ್ಟಿ ಕಾಲಾನುಕ್ರಮದಲ್ಲಿ ಇರಲಿಲ್ಲ, ರೈಲಿನ ಅನುಕೂಲಕ್ಕೆ ತಕ್ಕ ಹಾಗೆ ಇತ್ತು. ಇದಕ್ಕೆ ಮೇಷ್ಟ್ರು ಏಳು ದಿನವೂ ಗೊಣಗಿದರು.

ಮೊದಲ ದಿನ: ಟೋಕಿಯೋ

ಟೋಕಿಯೋದ ಹಳೆಯ ಹೆಸರು ಎಡೋ. ಊರಿನ ನಡುಮಧ್ಯದಲ್ಲಿ, ಹಿಂದೆ ಶೋಗನ್ ಕೋಟೆ ಇದ್ದ ಜಾಗದಲ್ಲಿ, ಚಕ್ರವರ್ತಿಯ ಅರಮನೆ ಇದೆ. ಅದರ ಪೂರ್ವ ಭಾಗದ ತೋಟಕ್ಕೆ ಎಲ್ಲರನ್ನೂ ಬಿಡುತ್ತಾರೆ, ಟಿಕೆಟ್ ಇಲ್ಲ. ಸೋಮವಾರ, ಶುಕ್ರವಾರ ರಜೆ, ಇದನ್ನು ನೋಡಿಕೊಂಡು ಹೋಗಿ. ಓತೆಮೊನ್ ಬಾಗಿಲಲ್ಲಿ ಚೀಲ ತೋರಿಸಿ ಒಳಗೆ ಹೋದೆವು.

ಒಳಗೆ ನೂರು ಕಾವಲುಗಾರರ ಠಾಣೆ ಅಂತ ಒಂದು ಉದ್ದನೆಯ ಹೆಂಚಿನ ಕಟ್ಟಡ. ಆಮೇಲೆ ಗೋಡೆ. ಲಾರಿಯಷ್ಟು ದಪ್ಪದ ಕಲ್ಲುಗಳು, ನಡುವೆ ಗಾರೆ ಇಲ್ಲ, ಬ್ಲೇಡು ತೂರಿಸೋಕೂ ಜಾಗ ಇಲ್ಲ. ಕೋಟೆಯ ಹೆಚ್ಚಿನ ಕಲ್ಲನ್ನು ಇಜು ಪರ್ಯಾಯ ದ್ವೀಪದಿಂದ ಹಡಗಿನಲ್ಲಿ ತಂದದ್ದು. ಖರ್ಚು ಶೋಗನ್‌ದಲ್ಲ, ಸಾಮಂತರದು. ಜಪಾನಿನಲ್ಲಿ ಸಾಮಂತರಿಗೆ ದೈಮ್ಯೊ ಅಂತಾರೆ. "ನನ್ನ ಕೋಟೆಗೆ ನೀನು ಕಲ್ಲು ತಾ" ಎಂದರೆ ಒಂದು ಕಲ್ಲಿಗೆ ಎರಡು ಲಾಭ. ಕೋಟೆಯೂ ಎದ್ದಿತು, ಸಾಮಂತರ ಗಂಟೂ ಕರಗಿತು.

ತೋಟದ ತುದಿಯಲ್ಲಿ ಒಂದು ದೊಡ್ಡ ಕಲ್ಲಿನ ಕಟ್ಟೆ ಇದೆ. ಮೇಲೆ ಏನೂ ಇಲ್ಲ. ಅದರ ಮೇಲೆ ಇದ್ದ ಗೋಪುರ 1657ರ ದೊಡ್ಡ ಬೆಂಕಿಯಲ್ಲಿ ಸುಟ್ಟುಹೋಯಿತು. ಕಟ್ಟೆಯನ್ನು ಮತ್ತೆ ಕಟ್ಟಿದರು, ಗೋಪುರ ಮಾತ್ರ ಏಳಲಿಲ್ಲ. ಆಗಿನ ಶೋಗನ್ ಇನ್ನೂ ಹುಡುಗ, ಅವನ ಚಿಕ್ಕಪ್ಪ ಹೋಶಿನಾ ಮಸಾಯುಕಿ ಅನ್ನುವವನು, ಊರೇ ಸುಟ್ಟು ಬೂದಿಯಾಗಿರುವಾಗ ಗೋಪುರಕ್ಕೆ ದುಡ್ಡು ಸುರಿಯೋದು ಬೇಡ ಅಂದನಂತೆ. ಯುದ್ಧವೇ ಇಲ್ಲದ ಮೇಲೆ ಗೋಪುರ ಯಾಕೆ, ಅಲ್ವಾ? "ಚಿಕ್ಕಪ್ಪಂದಿರ ಮಾತು ಕೇಳಬೇಕು" ಎಂದು ನಮ್ಮ ಚಿಕ್ಕಪ್ಪ ಹೇಳಿದರು. ಆ ಮಾತು ಮುಂದಿನ ಆರು ದಿನವೂ ಉಪಯೋಗಕ್ಕೆ ಬಂತು.

ಕಟ್ಟೆಯ ಮೇಲೆ ನಿಂತು ಅವರು ಕೇಳಿದ ಮೊದಲ ಪ್ರಶ್ನೆ: "ಅಲ್ಲ ಕಣೋ, ಇದು ಶೋಗನ್ ಕೋಟೆ ಅಂತೀಯ. ಇರೋನು ಚಕ್ರವರ್ತಿ. ಇವನು ಯಾವಾಗ ಬಂದ?"

1868ರಲ್ಲಿ ಬಂದ. ಅದಕ್ಕೂ ಮೊದಲು ಒಂದು ಸಾವಿರ ವರ್ಷಕ್ಕೂ ಜಾಸ್ತಿ ಚಕ್ರವರ್ತಿಗಳು ಕ್ಯೋಟೋದಲ್ಲಿ ಇದ್ದರು. ಅವರನ್ನು ಯಾರೂ ಕಿತ್ತೆಸೆಯಲಿಲ್ಲ. ಆದರೆ 1192ರಿಂದ ಹೆಚ್ಚುಕಮ್ಮಿ ಏಳು ಶತಮಾನ ದೇಶ ಆಳಿದವರು ಬೇರೆ. ಶೋಗನ್ ಅನ್ನೋದು ಚಕ್ರವರ್ತಿ ಕೊಡುವ ಒಂದು ಪದವಿ. ಪೂರ್ತಿ ಹೆಸರು ಸೇಯಿ ತೈಶೋಗನ್, ಅಂದರೆ ಅನಾಗರಿಕರನ್ನು ಬಗ್ಗುಬಡಿಯುವ ಮಹಾ ಸೇನಾಪತಿ. ಅವನ ಸರ್ಕಾರಕ್ಕೆ ಬಕುಫು ಅಂತ ಹೆಸರು. ಯುದ್ಧಭೂಮಿಯಲ್ಲಿ ಸೇನಾಪತಿಯ ಸುತ್ತ ಕಟ್ಟುವ ಪರದೆ ಇದೆಯಲ್ಲ, ಅದೇ ಬಕು. ಒಟ್ಟಿನಲ್ಲಿ ಡೇರೆ ಸರ್ಕಾರ.

"ಓ, ದಳವಾಯಿಗಳು" ಅಂದರು ಚಿಕ್ಕಪ್ಪ. "ಕಳಲೆಯವರು ಮೈಸೂರಲ್ಲಿ ಮಾಡಿದ್ದು ಅದೇ ತಾನೇ. ಹೆಸರು ಒಡೆಯರದು, ದರ್ಬಾರು ದಳವಾಯಿದು." ನಾನು ತಲೆ ಕೆಡಿಸಿಕೊಂಡು ವಿವರಿಸಬೇಕು ಅಂದುಕೊಂಡಿದ್ದು ಒಂದೇ ಮಾತಲ್ಲಿ ಮುಗಿಯಿತು.

ಎರಡನೇ ದಿನ: ಕಾಮಾಕುರಾ

ಟೋಕಿಯೋದಿಂದ ರೈಲಿನಲ್ಲಿ ಒಂದು ಗಂಟೆ. ಮೂರು ಕಡೆ ಗುಡ್ಡ, ನಾಲ್ಕನೇ ಕಡೆ ಸಮುದ್ರ. ಒಳಗೆ ಬರೋಕೆ ಗುಡ್ಡ ಕಡಿದು ಮಾಡಿದ ಇಕ್ಕಟ್ಟಿನ ದಾರಿಗಳು. ರೈಲು ಇಳಿದು ಸುತ್ತ ನೋಡಿದರೆ ಸಾಕು, ಮಿನಾಮೊಟೊ ಯೊರಿಟೊಮೊ 1180ರಲ್ಲಿ ಇಲ್ಲೇ ಯಾಕೆ ಬೀಡುಬಿಟ್ಟ ಅನ್ನೋದು ಗೊತ್ತಾಗುತ್ತದೆ. ಊರೇ ಒಂದು ಕೋಟೆ.

ಯೊರಿಟೊಮೊ ಸೋತ ಮನೆತನದ ಹುಡುಗ. ತೈರಾ ಮನೆತನದವರು ಅವನ ಅಪ್ಪನನ್ನು ಮುಗಿಸಿದಾಗ ಇವನಿಗೆ ಹದಿಮೂರು. ಕೊಲ್ಲದೆ ಇಜುವಿಗೆ ಗಡೀಪಾರು ಮಾಡಿದರು. ದೊಡ್ಡ ತಪ್ಪು. ಇಪ್ಪತ್ತು ವರ್ಷ ಕಾದು ದಂಗೆ ಎದ್ದ, 1185ರಲ್ಲಿ ದಾನ್‌ನೋಉರಾ ಎಂಬಲ್ಲಿ ನಡೆದ ಸಮುದ್ರದ ಯುದ್ಧದಲ್ಲಿ ತೈರಾಗಳ ಹೆಸರೇ ಅಳಿಸಿಹೋಯಿತು. ಯುದ್ಧ ಗೆದ್ದುಕೊಟ್ಟವನು ಇವನ ತಮ್ಮ ಯೊಶಿತ್ಸುನೆ. ಆಮೇಲೆ ಅವನನ್ನೂ ಅಟ್ಟಿಸಿಕೊಂಡು ಹೋಗಿ ಸಾಯುವ ಹಾಗೆ ಮಾಡಿದ. ನನಗಂತೂ ಯೊರಿಟೊಮೊ ಇಷ್ಟವಾಗಲಿಲ್ಲ. ಆದರೆ ತಲೆ ಇದ್ದವನು. ಗೆದ್ದಮೇಲೆ ಕ್ಯೋಟೋಗೆ ಹೋಗಿ ಸಿಂಹಾಸನದ ಪಕ್ಕ ಕೂರಲಿಲ್ಲ. ಪ್ರಾಂತ್ಯಕ್ಕೊಬ್ಬ ಶುಗೊ, ಜಮೀನು ನೋಡಿಕೊಳ್ಳಲು ಜಿತೊ, ಹೀಗೆ ತನ್ನ ಜನರನ್ನೇ ಎಲ್ಲ ಕಡೆ ನೇಮಿಸಿಕೊಂಡ. ಅದಕ್ಕೆ ಚಕ್ರವರ್ತಿಯ ಒಪ್ಪಿಗೆಯನ್ನೂ ತೆಗೆದುಕೊಂಡ. ಕಂದಾಯ ಎತ್ತುವವನು, ಪೊಲೀಸು, ಎರಡೂ ಇವನ ಕಡೆಯವರು. ಇನ್ನು ರಾಜಧಾನಿ ಯಾರಿಗೆ ಬೇಕು?

ಊರಿನ ನಡುವೆ ಸಮುದ್ರದ ಕಡೆಯಿಂದ ನೇರ ಒಂದು ರಸ್ತೆ, ತ್ಸುರುಗಾವೊಕಾ ಹಚಿಮಾನ್ ದೇವಸ್ಥಾನಕ್ಕೆ ಹೋಗುತ್ತದೆ. ರಸ್ತೆಯ ಮಧ್ಯದಲ್ಲಿ ಎತ್ತರಿಸಿದ ನಡೆದಾರಿ. ಹೆಂಡತಿ ಮಸಾಕೊಗೆ ಹೆರಿಗೆ ಸುಸೂತ್ರ ಆಗಲಿ ಎಂದು ಯೊರಿಟೊಮೊ 1182ರಲ್ಲಿ ಹರಕೆಗೆ ಕಟ್ಟಿಸಿದ್ದು. ಹಚಿಮಾನ್ ಯೋಧರ ದೇವರು. ಗುಡಿಗೆ 61 ಮೆಟ್ಟಿಲು.

ಆ ಮೆಟ್ಟಿಲ ಪಕ್ಕದಲ್ಲಿ ಒಂದು ದೊಡ್ಡ ಗಿಂಕೋ ಮರ ಇತ್ತು. 2010ರ ಮಾರ್ಚ್‌ನಲ್ಲಿ ಗಾಳಿಗೆ ಬಿತ್ತು. ಈಗ ಬುಡದಿಂದ ಚಿಗುರು ಬಂದಿದೆ, ಸುತ್ತ ಹಗ್ಗ ಕಟ್ಟಿದ್ದಾರೆ, ಜನ ಅದಕ್ಕೂ ಕೈ ಮುಗಿಯುತ್ತಾರೆ. 1219ರ ಚಳಿಗಾಲ, ಹಿಮ ಬಿದ್ದ ರಾತ್ರಿ. ಯೊರಿಟೊಮೊನ ಮಗ, ಮೂರನೇ ಶೋಗನ್ ಸಾನೆಟೊಮೊ ಪೂಜೆ ಮುಗಿಸಿ ಈ ಮೆಟ್ಟಿಲು ಇಳಿಯುತ್ತಿದ್ದಾಗ ಅವನ ಅಣ್ಣನ ಮಗ ಕುಗ್ಯೊ ಕತ್ತಿ ಹಿಡಿದು ಮೇಲೆ ಬಿದ್ದ. ಮರದ ಹಿಂದೆ ಅಡಗಿದ್ದ ಎಂಬುದು ಊರಿನವರ ಕಥೆ. ಅಂದೇ ರಾತ್ರಿ ಕುಗ್ಯೊನನ್ನೂ ಕೊಂದರು. ಸಾನೆಟೊಮೊಗೆ ಮಕ್ಕಳಿರಲಿಲ್ಲ. ಮೂರೇ ತಲೆಮಾರೂ ಅಲ್ಲ, ಅಪ್ಪ ಮತ್ತು ಇಬ್ಬರು ಮಕ್ಕಳು, ಅಷ್ಟಕ್ಕೇ ಯೊರಿಟೊಮೊನ ವಂಶದ ಶೋಗನ್‌ಗಿರಿ ಮುಗಿಯಿತು.

ನಾನು ಕಾಮಾಕುರಾಕ್ಕೆ ಇಷ್ಟು ಜಾಗ ಕೊಡೋದು ಇದರ ಮುಂದಿನ ಭಾಗಕ್ಕೆ. ಶೋಗನ್ ವಂಶ ಮುಗಿದರೂ ಸರ್ಕಾರ ಮುಗಿಯಲಿಲ್ಲ. ಮಸಾಕೊನ ತವರು ಹೋಜೋ ಮನೆತನ. ಅವರು ಶೋಗನ್ ಆಗುವಷ್ಟು ದೊಡ್ಡ ಕುಲದವರಲ್ಲ. ಹಾಗಾಗಿ ಕ್ಯೋಟೋದಿಂದ ಒಂದು ಎಳೆ ಮಗುವನ್ನು ತರಿಸಿಕೊಂಡರು. ನಡೆಯೋಕೆ ಕಲಿಯುವ ವಯಸ್ಸು ಅದಕ್ಕೆ. ಅದನ್ನು ಮುಂದೆ ಶೋಗನ್ ಮಾಡಿ, ತಾವು ಶಿಕ್ಕೆನ್ ಎಂಬ ಹೆಸರಿನಲ್ಲಿ ಆಳಿದರು. ಚಕ್ರವರ್ತಿಯ ಹೆಸರಲ್ಲಿ ಶೋಗನ್, ಶೋಗನ್ ಹೆಸರಲ್ಲಿ ಶಿಕ್ಕೆನ್. ಕೊನೆಕೊನೆಗೆ ಶಿಕ್ಕೆನ್ ಪದವಿಯೂ ಬರೀ ಹೆಸರಿಗೆ, ನಿಜವಾದ ಅಧಿಕಾರ ಹೋಜೋ ಮನೆಯ ಯಜಮಾನನ ಕೈಯಲ್ಲಿ. ಈರುಳ್ಳಿ ಸುಲಿದ ಹಾಗೆ.

ಗಂಡ ಸತ್ತ ಮೇಲೆ ಸನ್ಯಾಸಿನಿಯಾದ ಮಸಾಕೊಗೆ ಜನ ಸನ್ಯಾಸಿನಿ ಶೋಗನ್ ಎಂದೇ ಹೆಸರಿಟ್ಟರು. 1221ರಲ್ಲಿ ನಿವೃತ್ತ ಚಕ್ರವರ್ತಿ ಗೋತೊಬಾ ಕಾಮಾಕುರಾದ ಮೇಲೆ ಯುದ್ಧ ಸಾರಿದಾಗ ಸೈನಿಕರಿಗೆ ಭಯ. ಚಕ್ರವರ್ತಿಯ ಮೇಲೆ ಕೈ ಮಾಡೋದೇ? ಮಸಾಕೊ ಅವರನ್ನು ಸೇರಿಸಿ, ಯೊರಿಟೊಮೊನ ಋಣ ಬೆಟ್ಟಕ್ಕಿಂತ ಎತ್ತರ, ಕಡಲಿಗಿಂತ ಆಳ ಎಂಬರ್ಥದ ಮಾತಾಡಿದಳು ಎಂದು ಕಾಮಾಕುರಾದ ವೃತ್ತಾಂತದಲ್ಲಿ ಬರೆದಿದೆ. ಸೈನ್ಯ ಹೊರಟಿತು, ಗೆದ್ದಿತು. ಗೋತೊಬಾನನ್ನು ಓಕಿ ದ್ವೀಪಕ್ಕೆ ಕಳಿಸಿದರು. ಗಮನಿಸಿ, ಸಿಂಹಾಸನವನ್ನು ಮುಟ್ಟಲಿಲ್ಲ. ಅದರ ಮೇಲೆ ಕೂರುವವನನ್ನು ಬದಲಾಯಿಸಿದರು, ಅಷ್ಟೇ.

ಯೊರಿಟೊಮೊನ ಸಮಾಧಿ ದೇವಸ್ಥಾನದಿಂದ ಹತ್ತು ನಿಮಿಷದ ನಡಿಗೆ, ಮನೆಗಳ ನಡುವಿನ ಗಲ್ಲಿಯ ಕೊನೆಯಲ್ಲಿ. ಆಳೆತ್ತರದ ಒಂದು ಕಲ್ಲಿನ ಗೋಪುರ, ಪಾಚಿ ಹಿಡಿದಿದೆ. ನಾವಿಬ್ಬರೇ ಇದ್ದೆವು. ಈಗಿರುವ ರೂಪ 1779ರಲ್ಲಿ ಸತ್ಸುಮಾದ ಶಿಮಾಜು ದೊರೆ ಮಾಡಿಸಿದ್ದು, ತಾನು ಯೊರಿಟೊಮೊನ ಸಂತತಿ ಎಂದು ಹೇಳಿಕೊಳ್ಳುತ್ತಿದ್ದವನು. ಶಿಮಾಜು ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಹೋಜೋಗಳ ಕೊನೆ ಇನ್ನೂ ಘೋರ. 1274 ಮತ್ತು 1281ರಲ್ಲಿ ಮಂಗೋಲರು ಎರಡು ಸಲ ಹಡಗು ಹತ್ತಿ ಬಂದರು. ಎರಡೂ ಸಲ ಓಡಿಸಿದರು, ಬಿರುಗಾಳಿಯೂ ಸಹಾಯ ಮಾಡಿತು. ಆದರೆ ಹೊರಗಿನವರನ್ನು ಓಡಿಸಿದರೆ ಹಂಚೋಕೆ ಹೊಸ ಜಮೀನು ಎಲ್ಲಿಂದ ಬರಬೇಕು? ಈ ಸರ್ಕಾರ ನಿಂತಿದ್ದೇ "ನೀನು ಕಾದಾಡು, ನಾನು ಭೂಮಿ ಕೊಡ್ತೀನಿ" ಎಂಬ ಲೆಕ್ಕದ ಮೇಲೆ. ಸಾಲ ಮಾಡಿ ಯುದ್ಧಕ್ಕೆ ಹೋದವರು ಬರಿಗೈಲಿ ವಾಪಸ್ ಬಂದರು. ಗೆದ್ದು ಸೋತ ಯುದ್ಧ ಅಂದರೆ ಇದು. 1333ರಲ್ಲಿ ದಂಗೆ ಎದ್ದ ಸೇನಾನಿ ನಿತ್ತಾ ಯೊಶಿಸಾದಾ ಊರಿಗೆ ನುಗ್ಗಿದಾಗ ಹೋಜೋ ಮನೆಯವರು, ಅವರ ಆಳುಕಾಳು ಸೇರಿ ಎಂಟುನೂರಕ್ಕೂ ಹೆಚ್ಚು ಜನ ತೋಶೋಜಿ ದೇವಾಲಯದಲ್ಲಿ ಹೊಟ್ಟೆ ಬಗೆದುಕೊಂಡರು ಎಂದು ಹಳೆಯ ಯುದ್ಧಕಥೆ ಹೇಳುತ್ತದೆ. ಅಲ್ಲಿ ಈಗ ಹುಲ್ಲುಗಾವಲು.

ದೊಡ್ಡ ಬುದ್ಧನನ್ನೂ ನೋಡಿದೆವು. ಚೆನ್ನಾಗಿದ್ದಾನೆ. ಊಟಕ್ಕೆ ನೂಡಲ್ಸ್ ಅಂಗಡಿಗೆ ಹೋದರೆ ಸಾರಿನಲ್ಲಿ ಮೀನು. ಬರೀ ಅನ್ನದ ಉಂಡೆ ಮತ್ತು ಉಪ್ಪುಹುಳಿ ಕಾಯಿ. ಚಿಕ್ಕಪ್ಪ ಜೇಬಿನಿಂದ ಚಟ್ನಿಪುಡಿ ತೆಗೆದರು.

ಮೂರನೇ ದಿನ: ನಿಕ್ಕೋ

ಅಸಾಕುಸಾದಿಂದ ಉತ್ತರಕ್ಕೆ ಎರಡು ಗಂಟೆ. ಬೆಟ್ಟವೆಲ್ಲ ಕೆಂಪು, ಹಳದಿ. ಜನವೂ ಹಾಗೆಯೇ, ಬನಶಂಕರಿ ಜಾತ್ರೆ. ಇಲ್ಲಿ ಇರೋದು ಟೊಕುಗಾವಾ ಇಯೆಯಾಸು, ಮೂರನೇ ಮತ್ತು ಕೊನೆಯ ಡೇರೆ ಸರ್ಕಾರ ಕಟ್ಟಿದವನು. 1616ರಲ್ಲಿ ಸತ್ತ. ಮುಂದಿನ ವರ್ಷ ಅವನನ್ನು ಇಲ್ಲಿಗೆ ತಂದರು. ಮೊಮ್ಮಗ ಇಯೆಮಿತ್ಸು 1634ರಿಂದ 1636ರೊಳಗೆ ಈಗ ಕಾಣುವ ತೋಶೋಗು ದೇವಾಲಯವನ್ನು ಕಟ್ಟಿಸಿದ.

ಚಿನ್ನ, ಬಣ್ಣ, ಕೆತ್ತನೆ. ಯೊಮೆಯಿಮೊನ್ ಬಾಗಿಲೊಂದರಲ್ಲೇ ಐನೂರಕ್ಕೂ ಹೆಚ್ಚು ಬೊಂಬೆಗಳು. ಜಪಾನ್ ಅಂದರೆ ಸರಳ, ಖಾಲಿ, ಬೂದುಬಣ್ಣ ಅಂತ ಅಂದುಕೊಂಡಿದ್ದರೆ ಇಲ್ಲಿಗೆ ಬರಬೇಕು. ನನಗೆ ಸ್ವಲ್ಪ ಜಾಸ್ತಿ ಅನ್ನಿಸಿತು. ಚಿಕ್ಕಪ್ಪನಿಗೆ ಬಹಳ ಹಿಡಿಸಿತು. "ಇದು ನಮ್ಮ ಕಡೆ ದೇವಸ್ಥಾನ ಇದ್ದಂಗಿದೆ ಕಣೋ" ಅಂದರು.

ಕೆಟ್ಟದ್ದು ನೋಡಬೇಡ, ಕೇಳಬೇಡ, ಆಡಬೇಡ ಎನ್ನುವ ಮೂರು ಮಂಗಗಳು ಇಲ್ಲಿನ ಕುದುರೆ ಲಾಯದ ಮೇಲಿವೆ. ಅದರ ಎದುರಿನ ಉಗ್ರಾಣದ ಮೇಲೆ ಎರಡು ಆನೆಗಳು. ಕಿವಿ ವಿಚಿತ್ರ, ಮೈಯೂ ವಿಚಿತ್ರ, ಬಾಲ ಎಲ್ಲಿಂದಲೋ ಎರವಲು ತಂದ ಹಾಗೆ. ಅದರ ನಕ್ಷೆ ಬರೆದ ಕನೋ ತನ್ಯು ಆನೆಯನ್ನು ಕಣ್ಣಲ್ಲಿ ನೋಡೇ ಇರಲಿಲ್ಲ, ಕೇಳಿ ಬರೆದದ್ದು. ಹೆಸರೇ ಕಲ್ಪನೆಯ ಆನೆ. ದಸರಾ ನೋಡಿ ಬೆಳೆದ ನಾವಿಬ್ಬರು ಅಲ್ಲೇ ಹತ್ತು ನಿಮಿಷ ನಿಂತು ಅದರ ತಪ್ಪುಗಳನ್ನು ಎಣಿಸಿದೆವು. ಮಲಗಿದ ಬೆಕ್ಕಿನ ಕೆತ್ತನೆ ಇನ್ನೂ ಪ್ರಸಿದ್ಧ, ಆದರೆ ಬಹಳ ಚಿಕ್ಕದು. ತಲೆ ಎತ್ತಿ ನೋಡದಿದ್ದರೆ ದಾಟಿ ಹೋಗಿಬಿಡ್ತೀರಿ.

ಬೆಕ್ಕಿನ ಕೆಳಗಿನಿಂದ 207 ಮೆಟ್ಟಿಲು ಹತ್ತಿದರೆ ಇಯೆಯಾಸುವಿನ ಸಮಾಧಿ. ಮೇಲೆ ಚಿನ್ನ ಇಲ್ಲ. ಕಂಚಿನ ಒಂದು ಸಣ್ಣ ಗೋಪುರ, ಸುತ್ತ ಎತ್ತರದ ಮರ. ಚಿಕ್ಕಪ್ಪ ಐದು ಕಡೆ ಕೂತು ಸುಧಾರಿಸಿಕೊಂಡು ಹತ್ತಿದರು.

ಸತ್ತಮೇಲೆ ಇಯೆಯಾಸು ದೇವರಾದ. ಹೆಸರು ತೋಶೋ ದೈಗೊಂಗೆನ್. ಈ ದೈವದ ಪದವಿಯನ್ನು ಕೊಟ್ಟದ್ದು ಯಾರು? ಕ್ಯೋಟೋದ ಚಕ್ರವರ್ತಿ. ಅಲ್ಲಿನ ಆಸ್ಥಾನ ಹೊಟ್ಟೆ ಹೊರೆಯೋಕೆ ಶೋಗನ್ ಕೊಡುವ ಭತ್ಯೆ ನಂಬಿಕೊಂಡಿತ್ತು, ಚಕ್ರವರ್ತಿ ಏನು ಓದಬೇಕು ಹೇಗೆ ಇರಬೇಕು ಎಂದು 1615ರಲ್ಲಿ ಕಾಯಿದೆ ಮಾಡಿದವರೂ ಇದೇ ಟೊಕುಗಾವಾಗಳು. ಆದರೂ ದೇವರಾಗೋಕೆ ಅವನ ಮೊಹರು ಬೇಕು! ಇದನ್ನು ಹೇಳಿದಾಗ ಚಿಕ್ಕಪ್ಪ ಜೋರಾಗಿ ನಕ್ಕು, ಪಕ್ಕದಲ್ಲಿದ್ದ ಶಾಲಾ ಮಕ್ಕಳು ತಿರುಗಿ ನೋಡಿದರು.

ಇಯೆಯಾಸು ಬಾಲ್ಯದಲ್ಲಿ ಒತ್ತೆಯಾಳು. ಮೊದಲು ಓದಾ ಮನೆತನದವರ ಕೈಯಲ್ಲಿ, ಆಮೇಲೆ ಇಮಾಗಾವಾಗಳ ಕೈಯಲ್ಲಿ. 1635ರಲ್ಲಿ ಮೊಮ್ಮಗ ಇಯೆಮಿತ್ಸು ತಾತ ಅನುಭವಿಸಿದ್ದನ್ನೇ ದೇಶಕ್ಕೆಲ್ಲ ಕಾನೂನು ಮಾಡಿದ. ಸಾಮಂತರು ಒಂದು ವರ್ಷ ಎಡೋದಲ್ಲಿ, ಒಂದು ವರ್ಷ ತಮ್ಮ ಊರಲ್ಲಿ ಇರಬೇಕು, ಹೆಂಡತಿ ಮಕ್ಕಳು ಮಾತ್ರ ಯಾವಾಗಲೂ ಎಡೋದಲ್ಲೇ. ಇದಕ್ಕೆ ಸಾಂಕಿನ್ ಕೋತಾಯಿ ಅಂತಾರೆ. ಹೆದ್ದಾರಿ ಚೌಕಿಗಳಲ್ಲಿ ಎರಡು ವಿಷಯ ನೋಡುತ್ತಿದ್ದರು. ಎಡೋ ಒಳಗೆ ಬರುವ ಬಂದೂಕು, ಎಡೋದಿಂದ ಹೊರಗೆ ಹೋಗುವ ಹೆಂಗಸರು. ಬಂದೂಕು ಬಂದರೂ ದಂಗೆ, ಹೆಂಡತಿಯರು ಹೋದರೂ ದಂಗೆ. ಎರಡು ಮನೆ, ನೂರಾರು ಜನರ ಮೆರವಣಿಗೆ, ದಾರಿಖರ್ಚು, ಇದರಲ್ಲೇ ಸಾಮಂತರ ಖಜಾನೆ ಖಾಲಿ. ರಸ್ತೆ, ಛತ್ರ, ವ್ಯಾಪಾರ ಬೆಳೆದವು, ಅದು ಬೇರೆ ಮಾತು.

ಮಧ್ಯಾಹ್ನ ಯುಬಾ ತಿಂದೆವು. ಸೋಯಾ ಹಾಲಿನ ಮೇಲೆ ಕಟ್ಟುವ ಕೆನೆ, ಈ ಊರಿನ ವಿಶೇಷ. ಚಟ್ನಿಪುಡಿ ಇದಕ್ಕೂ ಆಯಿತು. ಬರುವಾಗ ಕಿಟಕಿಯಿಂದ ಸಾಲುಮರದ ದಾರಿ ಸ್ವಲ್ಪ ಕಂಡಿತು. ಮತ್ಸುದೈರಾ ಮಸಾತ್ಸುನಾ ಇಪ್ಪತ್ತು ವರ್ಷ ಹಿಡಿದು ನೆಡಿಸಿದ ಸುಗಿ ಮರಗಳು, 35 ಕಿಲೋಮೀಟರ್‌ಗೂ ಹೆಚ್ಚು.

ನಾಲ್ಕನೇ ದಿನ: ಸೆಕಿಗಾಹಾರಾ

ಇಯೆಯಾಸು ಗೆದ್ದ ಮೈದಾನ. ಕ್ಯೋಟೋಗೆ ಹೋಗುವ ದಾರಿಯಲ್ಲಿ ಇಳಿಯೋಣ ಅಂತ ನಾನೇ ಹಟ ಹಿಡಿದೆ. ಬುಲೆಟ್ ರೈಲು ಇಲ್ಲಿ ನಿಲ್ಲೋದಿಲ್ಲ, ನಗೋಯಾದಲ್ಲಿ ಇಳಿದು ಸಾದಾ ರೈಲು ಹಿಡಿಯಬೇಕು. ಓಗಾಕಿಯಲ್ಲಿ ಬದಲಾಯಿಸುವಾಗ ನಾನು ಕಾಫಿ ತರೋಕೆ ಹೋದೆ, ರೈಲು ಹೋಯಿತು. ಚಿಕ್ಕಪ್ಪ ರೈಲಿನೊಳಗೆ! ಜಪಾನಿ ಬಾರದು, ಫೋನಿನಲ್ಲಿ ಸಿಗ್ನಲ್ ಇಲ್ಲ. ಮುಂದಿನ ಗಾಡಿ ಬರೋವರೆಗೂ ಹೊಟ್ಟೆಯಲ್ಲಿ ಕಿವುಚಿದ ಹಾಗೆ. ಸೆಕಿಗಾಹಾರಾದಲ್ಲಿ ಇಳಿದರೆ, ಅವರು ನಿಲ್ದಾಣದ ಬೆಂಚಿನ ಮೇಲೆ ಕೂತು ಒಬ್ಬ ಅಜ್ಜಿ ಕೊಟ್ಟ ಪರ್ಸಿಮನ್ ಹಣ್ಣು ತಿನ್ನುತ್ತಿದ್ದರು.

ಆ ಹಣ್ಣಿಗೂ ಇಲ್ಲಿಗೂ ನಂಟಿದೆ. ಒಂದು, ಇದು ಗಿಫು ಪ್ರಾಂತ್ಯ, ಪರ್ಸಿಮನ್‌ಗೆ ಹೆಸರುವಾಸಿ. ಎರಡು, ಇಲ್ಲಿ ಸೋತ ಇಯೆಯಾಸುವಿನ ಎದುರಾಳಿ ಇಶಿದಾ ಮಿತ್ಸುನಾರಿಯ ಕಥೆ. ಶಿರಚ್ಛೇದಕ್ಕೆ ಕರೆದುಕೊಂಡು ಹೋಗುವಾಗ ನೀರು ಕೇಳಿದನಂತೆ. ನೀರಿಲ್ಲ, ಒಣ ಪರ್ಸಿಮನ್ ತಿನ್ನು ಅಂದರಂತೆ ಕಾವಲಿನವರು. "ಬೇಡ, ಕಫ ಆಗುತ್ತದೆ" ಅಂದನಂತೆ. ಎಲ್ಲರೂ ನಕ್ಕರಂತೆ. ದೊಡ್ಡ ಕೆಲಸ ಹೊತ್ತವನು ಕೊನೆ ಗಳಿಗೆಯವರೆಗೂ ದೇಹ ಕಾಪಾಡಿಕೊಳ್ಳಬೇಕು ಎನ್ನುವುದು ಅವನ ವಾದ. ಇದು ಕಥೆಯೇ ಇರಬಹುದು, ಆದರೂ ಅವನನ್ನು ಮೆಚ್ಚಿಕೊಳ್ಳೋಕೆ ಅಷ್ಟು ಸಾಕು.

ಯುದ್ಧ ನಡೆದದ್ದು 1600ರ ಅಕ್ಟೋಬರ್ 21. ಬೆಳಗ್ಗೆ ಮಂಜು. ನಾವು ಹೋದಾಗ ಮಳೆ. ಮಿತ್ಸುನಾರಿ ಬೀಡು ಬಿಟ್ಟಿದ್ದ ಸಾಸಾವೊ ಗುಡ್ಡ ಹತ್ತಿದರೆ ಇಡೀ ಬಯಲು ಅಂಗೈಯಲ್ಲಿ ಇದ್ದ ಹಾಗೆ ಕಾಣುತ್ತದೆ. ಗದ್ದೆ, ಮನೆ, ರೈಲು ಹಳಿ. ಇಷ್ಟೇ ಇಷ್ಟು ಜಾಗದಲ್ಲಿ ಎರಡೂ ಕಡೆಯ ಲಕ್ಷಕ್ಕೂ ಮಿಕ್ಕಿದ ಜನ. ಎದುರಿಗೆ ಗುಡ್ಡ ಒಂದರ ಮೇಲೆ ಕೊಬಾಯಾಕಾವಾ ಹಿದೆಯಾಕಿ, ಹದಿನೆಂಟು ಹತ್ತೊಂಬತ್ತರ ಹುಡುಗ, 15 ಸಾವಿರ ಸೈನ್ಯದೊಂದಿಗೆ. ಹೆಸರಿಗೆ ಮಿತ್ಸುನಾರಿ ಕಡೆ. ಯುದ್ಧದ ಮಧ್ಯೆ ಗುಡ್ಡ ಇಳಿದು ಮಿತ್ಸುನಾರಿ ಕಡೆಯವರ ಮೇಲೆಯೇ ಬಿದ್ದ. ಒಂದೇ ದಿನಕ್ಕೆ ಎಲ್ಲ ಮುಗಿಯಿತು. ಎರಡು ವರ್ಷಕ್ಕೆ ಹುಡುಗನೂ ಸತ್ತ.

ಸೋತವರಲ್ಲಿ ಇಬ್ಬರನ್ನು ನೋಡಬೇಕು. ಚೋಶು ಸೀಮೆಯ ಮೋರಿ ದೊರೆ, ಸತ್ಸುಮಾ ಸೀಮೆಯ ಶಿಮಾಜು ದೊರೆ. ಮೋರಿಯ ಸೀಮೆಯನ್ನು ಇಯೆಯಾಸು ಸುಮಾರು ಮೂರನೇ ಒಂದು ಪಾಲಿಗೆ ಇಳಿಸಿದ. ಶಿಮಾಜು ದೂರದ ದಕ್ಷಿಣದವನು, ಶತ್ರುಗಳ ನಡುವೆಯೇ ದಾರಿ ಕಡಿದುಕೊಂಡು ತಪ್ಪಿಸಿಕೊಂಡ, ಅವನ ಸೀಮೆ ಹಾಗೇ ಉಳಿಯಿತು. ಇಂಥವರನ್ನೆಲ್ಲ ಹೊರಗಿನ ಸಾಮಂತರು ಎಂದು ಬೇರೆ ಇಟ್ಟು, ಸರ್ಕಾರದ ಹುದ್ದೆ ಕೊಡದೆ, ದೂರದಲ್ಲಿ ಕೂರಿಸಿದರು. ಕೊಲ್ಲಲಿಲ್ಲ. ಯೊರಿಟೊಮೊನನ್ನು ತೈರಾಗಳು ಕೊಲ್ಲದೆ ಬಿಟ್ಟರಲ್ಲ, ಹಾಗೆ. 268 ವರ್ಷ ಆದಮೇಲೆ ಟೊಕುಗಾವಾಗಳನ್ನು ಉರುಳಿಸಿದ್ದು ಇದೇ ಸತ್ಸುಮಾ ಮತ್ತು ಚೋಶು.

ಐದನೇ ದಿನ: ಕ್ಯೋಟೋ, ನಡುವಿನವರು

ಕಾಮಾಕುರಾಕ್ಕೂ ಎಡೋಗೂ ನಡುವೆ ಅಶಿಕಾಗಾ ಶೋಗನ್‌ಗಳು. 1338ರಿಂದ 1573ರವರೆಗೆ, ಹದಿನೈದು ಜನ. ಮೂರರಲ್ಲಿ ಬಹಳ ಬಡಕಲು ಸರ್ಕಾರ ಇವರದು, ಆದರೆ ಟೀ, ತೋಟ, ನೋ ನಾಟಕ ಅಂತ ಇವತ್ತು ಜಪಾನ್ ಅನ್ನೋ ಹೆಸರಲ್ಲಿ ಮಾರುವುದರಲ್ಲಿ ಮುಕ್ಕಾಲು ಪಾಲು ಇವರ ಕಾಲದಲ್ಲಿ ರೂಪ ಪಡೆದದ್ದು.

ಚಿನ್ನದ ಮಂಟಪಕ್ಕೆ ಎಲ್ಲರೂ ಹೋಗುತ್ತಾರೆ, ನಾವೂ ಹೋದೆವು. ಮೂರನೇ ಶೋಗನ್ ಯೊಶಿಮಿತ್ಸು 1397ರಲ್ಲಿ ಶುರು ಮಾಡಿದ್ದು. ಈಗಿರುವುದು 1955ರದು, ಹಳೆಯದನ್ನು 1950ರಲ್ಲಿ ಅಲ್ಲಿನ ಒಬ್ಬ ಕಿರಿಯ ಸನ್ಯಾಸಿಯೇ ಸುಟ್ಟ. ಯೊಶಿಮಿತ್ಸು ಚೀನಾದ ಮಿಂಗ್ ದೊರೆಯಿಂದ ಜಪಾನಿನ ರಾಜ ಎಂಬ ಬಿರುದನ್ನು ಕೂಡ ಸ್ವೀಕರಿಸಿದ. ವ್ಯಾಪಾರ ನಡೆಯಬೇಕಿತ್ತಲ್ಲ.

ನನಗೆ ಬೇಕಿದ್ದ ಜಾಗ ಅಲ್ಲಿಂದ ನಡೆದುಕೊಂಡೇ ಹೋಗಬಹುದಾದ ತೋಜಿಇನ್. ಜನ ಕಡಿಮೆ. ಒಂದು ಮಬ್ಬು ಕೋಣೆ, ಎರಡೂ ಬದಿ ಸಾಲಾಗಿ ಕೂತ ಅಶಿಕಾಗಾ ಶೋಗನ್‌ಗಳ ಮರದ ಬೊಂಬೆಗಳು. ಆಳಿನ ಗಾತ್ರ. ಕಪ್ಪು ನಿಲುವಂಗಿ, ಕೈಯಲ್ಲಿ ಪಟ್ಟಿ, ಕಣ್ಣು ಹೊಳೆಯುತ್ತವೆ. ಸರ್ಕಾರಿ ಮೀಟಿಂಗ್ ನಡುವೆ ನುಗ್ಗಿದ ಹಾಗೆ ಆಯಿತು.

ಇವರಲ್ಲಿ ಆರನೆಯವನು ಯೊಶಿನೊರಿ, ಚೀಟಿ ಎತ್ತಿ ಆರಿಸಿದ ಶೋಗನ್. 1428ರಲ್ಲಿ ಸನ್ಯಾಸಿಗಳಾಗಿದ್ದ ನಾಲ್ವರು ಸೋದರರ ಹೆಸರು ಬರೆದು ದೇವರ ಮುಂದೆ ಚೀಟಿ ಎತ್ತಿದರು. ಬಂದವನು ಎಲ್ಲರಿಗೂ ಸಿಂಹಸ್ವಪ್ನ ಆದ. 1441ರಲ್ಲಿ ಅಕಾಮಾತ್ಸು ಎಂಬ ಸಾಮಂತ ಮನೆಗೆ ಊಟಕ್ಕೆ ಕರೆದು, ನಾಟಕ ನೋಡುತ್ತಿದ್ದಾಗಲೇ ತಲೆ ಹಾರಿಸಿದ. ಆಗಿನ ಒಬ್ಬ ರಾಜಕುಮಾರ ತನ್ನ ದಿನಚರಿಯಲ್ಲಿ ಶೋಗನ್ ನಾಯಿ ಸಾವು ಸತ್ತ ಎಂದು ಬರೆದ. ಎಂಟನೆಯವನು ಯೊಶಿಮಾಸಾ. ಮಗ ಇಲ್ಲ ಅಂತ ತಮ್ಮನನ್ನು ವಾರಸುದಾರ ಮಾಡಿದ, ಮರುವರ್ಷ ಮಗ ಹುಟ್ಟಿದ. ಸಾಮಂತರ ಮನೆಗಳಲ್ಲೂ ಇಂಥದೇ ಜಗಳ ಇತ್ತು, ಎಲ್ಲ ಸೇರಿ 1467ರಿಂದ ಹನ್ನೊಂದು ವರ್ಷ ಓನಿನ್ ಯುದ್ಧ, ಕ್ಯೋಟೋ ಸುಟ್ಟು ಕರಕಲು. ಯೊಶಿಮಾಸಾ ಆಮೇಲೆ ಬೆಳ್ಳಿ ಮಂಟಪ ಕಟ್ಟಿಸಿಕೊಂಡು ಟೀ ಕುಡಿದ. ಅದಕ್ಕೆ ಬೆಳ್ಳಿಯೂ ಇಲ್ಲ, ಬರೀ ಮರ. ಕ್ಯೋಟೋದ ಹಳಬರು "ಹಿಂದಿನ ಯುದ್ಧ" ಅಂದರೆ ಓನಿನ್ ಯುದ್ಧ ಎಂದು ಈಗಲೂ ತಮಾಷೆ ಮಾಡುತ್ತಾರೆ.

ಬೊಂಬೆಗಳಲ್ಲಿ ಮೊದಲ ಮೂವರ ಕುತ್ತಿಗೆಯನ್ನೇ ನಾನು ನೋಡುತ್ತಿದ್ದೆ. 1863ರಲ್ಲಿ ಚಕ್ರವರ್ತಿಯ ಕಡೆಯ ಉಗ್ರರು ರಾತ್ರಿ ಇಲ್ಲಿಗೆ ನುಗ್ಗಿ ಈ ಮೂರು ಮರದ ತಲೆಗಳನ್ನು ಕಿತ್ತುಕೊಂಡು ಹೋಗಿ, ಕಾಮೋ ನದಿಯ ದಂಡೆಯಲ್ಲಿ ಅಪರಾಧಿಗಳ ತಲೆಯ ಹಾಗೆ ಸಾಲಾಗಿ ಇಟ್ಟರು. ಚಕ್ರವರ್ತಿಗೆ ದ್ರೋಹ ಮಾಡಿದವರು ಎಂಬ ಬರಹ ಬೇರೆ. ಐನೂರು ವರ್ಷದ ಹಿಂದೆ ಸತ್ತವರ ಬೊಂಬೆಗೆ ಮರಣದಂಡನೆ! ಬೈದದ್ದು ಅಶಿಕಾಗಾಗಳನ್ನು, ಕೇಳಿಸಿಕೊಳ್ಳಬೇಕಾದವರು ಟೊಕುಗಾವಾಗಳು. ತಲೆಗಳು ವಾಪಸ್ ಬಂದಿವೆ.

ಆರನೇ ದಿನ: ನಿಜೋ ಕೋಟೆ

ಇಯೆಯಾಸು 1603ರಲ್ಲಿ ಶೋಗನ್ ಪದವಿ ಪಡೆದಾಗ ಕ್ಯೋಟೋದಲ್ಲಿ ಕಟ್ಟಿಸಿದ ಮನೆ ಇದು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಫೋಟೋ ಇಲ್ಲ. ಹೆಜ್ಜೆ ಇಟ್ಟರೆ ನೆಲ ಚಿಂವ್ ಚಿಂವ್ ಅನ್ನುತ್ತದೆ. ಕಳ್ಳ ಬಂದರೆ ಗೊತ್ತಾಗಲಿ ಎಂದು ಮಾಡಿದ್ದು ಅಂತ ಎಲ್ಲ ಕಡೆ ಹೇಳುತ್ತಾರೆ. ಹಲಗೆ ಸವೆದು ಕೆಳಗಿನ ಕಬ್ಬಿಣದ ಮೊಳೆ, ಕೊಂಡಿಗಳು ಉಜ್ಜುವ ಸದ್ದು ಅಷ್ಟೇ ಅಂತ ಅಲ್ಲಿಯೇ ಬರೆದಿದೆ. ಸುಳ್ಳು ಕಥೆಯೇ ಚೆನ್ನಾಗಿತ್ತು.

ಮೊದಲ ಕೋಣೆಗಳಲ್ಲಿ ಹುಲಿಗಳ ಚಿತ್ರ. ನಡುನಡುವೆ ಚಿರತೆಗಳೂ ಇವೆ. ಚಿರತೆ ಅಂದರೆ ಹೆಣ್ಣು ಹುಲಿ ಎಂದು ಆಗ ತಿಳಿದಿದ್ದರು. ಬರೆದವರು ನಿಕ್ಕೋ ಆನೆಯ ಕನೋ ಮನೆತನದವರೇ. "ಇವರಿಗೆ ಒಂದು ಸಲ ಬಂಡೀಪುರ ತೋರಿಸಬೇಕಿತ್ತು" ಎಂದು ಚಿಕ್ಕಪ್ಪ ಮರುಗಿದರು.

ದೊಡ್ಡ ಸಭಾಂಗಣದಲ್ಲಿ ನೆಲವೇ ಎರಡು ಮಟ್ಟ. ಮೇಲಿನದರಲ್ಲಿ ಶೋಗನ್, ಕೆಳಗೆ ಸಾಮಂತರು ನೆಲಕ್ಕೆ ಹಣೆ ಹಚ್ಚಿ. ಬೊಂಬೆ ಕೂರಿಸಿ ತೋರಿಸಿದ್ದಾರೆ. 1634ರಲ್ಲಿ ಇಯೆಮಿತ್ಸು ಮೂರು ಲಕ್ಷ ಜನರ ಪರಿವಾರದೊಂದಿಗೆ ಕ್ಯೋಟೋಗೆ ಬಂದಿದ್ದ. ಆಮೇಲೆ 229 ವರ್ಷ ಯಾವ ಶೋಗನ್ನೂ ಈ ಕಡೆ ತಲೆ ಹಾಕಲಿಲ್ಲ. ಬರುವ ಅಗತ್ಯವೇ ಇರಲಿಲ್ಲ. 1853ರಲ್ಲಿ ಅಮೆರಿಕದ ನೌಕಾಧಿಕಾರಿ ಪೆರ್ರಿ ಉಗಿಹಡಗು ತಂದು ನಿಲ್ಲಿಸಿದಾಗ ಅನಾಗರಿಕರನ್ನು ಬಗ್ಗುಬಡಿಯುವ ಮಹಾ ಸೇನಾಪತಿಗೆ ಏನೂ ಮಾಡಲು ಆಗಲಿಲ್ಲ. ಎಡೋದ ಮಂತ್ರಿಗಳು ಏನು ಮಾಡೋಣ ಅಂತ ಸಾಮಂತರನ್ನೂ ಕೇಳಿದರು, ಚಕ್ರವರ್ತಿಯ ಆಸ್ಥಾನಕ್ಕೂ ತಿಳಿಸಿದರು. ನನ್ನ ಪ್ರಕಾರ ಅಲ್ಲಿಗೇ ಆಟ ಮುಗಿದಿತ್ತು. ಏಳು ಶತಮಾನ ಸುಮ್ನೆ ಮೊಹರು ಒತ್ತುತ್ತಿದ್ದವನನ್ನು ನಿನ್ನ ಅಭಿಪ್ರಾಯ ಏನು ಅಂತ ಕೇಳಿದರೆ, ಅವನಿಗೂ ಒಂದು ಅಭಿಪ್ರಾಯ ಇರುತ್ತದೆ ತಾನೇ.

1867ರಲ್ಲಿ ಹದಿನೈದನೆಯ ಶೋಗನ್ ಯೊಶಿನೊಬು ಇದೇ ಮನೆಗೆ ಸಾಮಂತರ ಪ್ರತಿನಿಧಿಗಳನ್ನು ಕರೆಸಿ, ಅಧಿಕಾರವನ್ನು ಚಕ್ರವರ್ತಿಗೆ ವಾಪಸ್ ಕೊಡುವುದಾಗಿ ತಿಳಿಸಿದ. ಶುರುವಾದ ಮನೆಯಲ್ಲೇ ಮುಗಿಯಿತು.

ಏಳನೇ ದಿನ: ಮತ್ತೆ ಟೋಕಿಯೋ

ಟೊಕುಗಾವಾ ಶೋಗನ್‌ಗಳು ಹದಿನೈದು. ಚಿಕ್ಕಪ್ಪ ನೋಟ್‌ಬುಕ್ಕಿನಲ್ಲಿ ಹಾಜರಿ ಪಟ್ಟಿ ಮಾಡಿದ್ದರು. ಸಮಾಧಿಯಾಗಿರೋದು ಇಬ್ಬರು ನಿಕ್ಕೋದಲ್ಲಿ, ಆರು ಜನ ಉಎನೋದ ಕಾನೇಜಿ ದೇವಾಲಯದಲ್ಲಿ, ಆರು ಜನ ಜೋಜೋಜಿ ದೇವಾಲಯದಲ್ಲಿ. ಹದಿನಾಲ್ಕು ಆಯಿತು, ಇನ್ನೊಬ್ಬ?

ಮೊದಲು ಜೋಜೋಜಿ. ಹಿಂದೆ ಟೋಕಿಯೋ ಟವರ್ ಎದ್ದು ನಿಂತಿದೆ. ಇಲ್ಲಿದ್ದ ದೊಡ್ಡ ಸಮಾಧಿ ಮಂದಿರಗಳು 1945ರ ಬಾಂಬಿಗೆ ಸುಟ್ಟವು, ಈಗ ಒಂದು ಸಣ್ಣ ಅಂಗಳದಲ್ಲಿ ಎಲ್ಲರನ್ನೂ ಒಟ್ಟು ಮಾಡಿದ್ದಾರೆ. ಅಲ್ಲಿ ಹದಿನಾಲ್ಕನೆಯ ಶೋಗನ್ ಇಯೆಮೊಚಿ, ಅವನ ಹೆಂಡತಿ ಕಜುನೊಮಿಯಾ. ಆಕೆ ಚಕ್ರವರ್ತಿಯ ತಂಗಿ. ಎರಡು ಮನೆ ಒಂದಾಗಲಿ ಅಂತ ಬಲವಂತದ ಮದುವೆ, ಆದರೂ ಇಬ್ಬರೂ ಅನ್ಯೋನ್ಯವಾಗಿದ್ದರಂತೆ. ಇಯೆಮೊಚಿ 1866ರಲ್ಲಿ ಒಸಾಕಾದಲ್ಲಿ ಸತ್ತ, ಇಪ್ಪತ್ತೇ ವರ್ಷ. ಬೆರಿಬೆರಿ. ಪಾಲಿಶ್ ಮಾಡಿದ ಬಿಳಿ ಅಕ್ಕಿ ತಿನ್ನುವ ದೊಡ್ಡ ಮನೆಯವರಿಗೆ ಬರುತ್ತಿದ್ದ ಕಾಯಿಲೆ, ಎಡೋ ಕಾಯಿಲೆ ಅಂತಲೇ ಹೆಸರಿತ್ತು. ಹನ್ನೊಂದು ವರ್ಷದ ನಂತರ ಆಕೆಯನ್ನೂ ಅದೇ ಕಾಯಿಲೆ ತೆಗೆದುಕೊಂಡು ಹೋಯಿತು.

"ಮುದ್ದೆ ತಿಂದಿದ್ರೆ ಉಳ್ಕೋತಿದ್ವು" ಅಂದರು ಚಿಕ್ಕಪ್ಪ. ನಗಿಸೋಕೆ ಹೇಳಿದ್ದಲ್ಲ.

ಹದಿನೈದನೆಯವನು ಯಾನಾಕಾ ಸ್ಮಶಾನದಲ್ಲಿ ಇದ್ದಾನೆ. ಸಾಯಂಕಾಲದ ವಿಮಾನ, ಕೈಯಲ್ಲಿ ಎರಡು ಗಂಟೆ. ಗೋರಿಗಳ ನಡುವೆ ದಾರಿ ತಪ್ಪಿ, ಬೆಕ್ಕುಗಳನ್ನು ದಾಟಿಕೊಂಡು, ಕೊನೆಗೆ ಒಂದು ಕಬ್ಬಿಣದ ಬೇಲಿ ಸಿಕ್ಕಿತು. ಒಳಗೆ ಬಿಡುವುದಿಲ್ಲ, ಸರಳುಗಳ ನಡುವಿನಿಂದ ನೋಡಬೇಕು. ಎರಡು ದುಂಡನೆಯ ಗುಡ್ಡೆ, ಮೇಲೆ ಕಲ್ಲು ಹೊದಿಸಿದೆ. ಯೊಶಿನೊಬು ಮತ್ತು ಹೆಂಡತಿ. ಉಳಿದ ಶೋಗನ್‌ಗಳೆಲ್ಲ ಬೌದ್ಧ ಪದ್ಧತಿಯಲ್ಲಿ ಮಣ್ಣಾದರೆ ಇವನೊಬ್ಬ ಶಿಂಟೋ ಪದ್ಧತಿ ಬೇಕೆಂದ. 1902ರಲ್ಲಿ ಚಕ್ರವರ್ತಿ ಇವನಿಗೆ ಸರದಾರ ಪದವಿಗಳಲ್ಲೇ ದೊಡ್ಡದನ್ನು ಕೊಟ್ಟಿದ್ದ, ಅದರ ಋಣ ಅಂತಾರೆ.

"ಅಧಿಕಾರ ಬಿಟ್ಟಮೇಲೆ ಎಷ್ಟು ದಿನ ಇದ್ದ?"

"1913ರವರೆಗೆ ಇದ್ದ ಚಿಕ್ಕಪ್ಪ. ನಲವತ್ತಾರು ವರ್ಷ."

"ಅಷ್ಟು ವರ್ಷ ಏನು ಮಾಡ್ದ?"

"ಶಿಜುವೊಕಾದಲ್ಲಿ ಮನೆ ಮಾಡಿಕೊಂಡು ಫೋಟೋ ತೆಗೀತಿದ್ದ. ಬೇಟೆ ಆಡ್ತಿದ್ದ. ಸೈಕಲ್ ಹೊಡೀತಿದ್ದ."

ಚಿಕ್ಕಪ್ಪ ಮಂಕಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಏಳು ದಿನದಲ್ಲಿ ಯಾವ ಶೋಗನ್ ಮುಂದೆಯೂ ಅದನ್ನು ತೆಗೆದಿರಲಿಲ್ಲ. ಬೇಲಿಯ ಸರಳಿಗೆ ಮುಖ ಹತ್ತಿಸಿ ಬಹಳ ಹೊತ್ತು ಒಳಗೆ ನೋಡಿದರು.

"ಸೈಕಲ್ಲಾ? ಯಾವ ಸೈಕಲ್ಲಂತೋ?"